ಬಚ್ಚಲು ಒಡೆಯುವ ಮೊದಲು ಎರಡು ದಿನ ನೀರು ನಿಲ್ಲಿಸಿ ನೋಡಿ

ಪ್ರಶ್ನೆ: ನಾವಿರುವುದು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ. ಮನೆ ನಮ್ಮ ಮಾವನವರ ತಂದೆ 1959ರಲ್ಲಿ ಕಟ್ಟಿಸಿದ್ದು. ಅವರು ತುಂಗಭದ್ರಾ ಅಣೆಕಟ್ಟಿನ ಕೆಲಸದಲ್ಲಿ ಓವರ್‌ಸಿಯರ್ ಆಗಿದ್ದರಂತೆ, ನಕ್ಷೆಯನ್ನೂ ತಾವೇ ಬರೆದದ್ದಂತೆ. ಬಚ್ಚಲುಮನೆ ಎಂಟು ಅಡಿ ಉದ್ದ, ಐದೂವರೆ ಅಡಿ ಅಗಲ. ನೆಲಕ್ಕೆ ಬೂದುಬಣ್ಣದ ಮೊಸಾಯಿಕ್, ಅದರಲ್ಲಿ ಕೆಂಪು, ಕರಿ ಹರಳು. ಗೋಡೆಗೆ ಮೂರಡಿವರೆಗೆ ಬಿಳಿ ಚೌಕದ ಟೈಲ್ಸ್, ಮೇಲೆ ಸಿಮೆಂಟ್ ಜಾಲಿ. ಮೂಲೆಯಲ್ಲಿ ಹಂಡೆ ಒಲೆ ಇತ್ತು. ಈಗ ಒಲೆ ಇಲ್ಲ, ತಾಮ್ರದ ಹಂಡೆ ಮಾತ್ರ ಇದೆ. ಆ ಮೂಲೆಯಲ್ಲಿ ನೆಲ ಮಂಕಾಗಿ, ಸಣ್ಣ ಸಣ್ಣ ಗುಳಿ ಬಿದ್ದಿವೆ. ಪಕ್ಕದ ಕೋಣೆಯ ಗೋಡೆ ಎರಡು ವರ್ಷದಿಂದ ಮೂರಡಿ ಎತ್ತರಕ್ಕೆ ಒದ್ದೆ. ಬಣ್ಣ ಹೊಡೆಸಿದಷ್ಟು ಸಲ ಉದುರುತ್ತದೆ. ಬೆಂಗಳೂರಿನಲ್ಲಿ ಓದುವ ಮಗಳು ‘ಮಿಡ್‌ಸೆಂಚುರಿ ಮಾಡರ್ನ್’ ಅಂತ ಫೋಟೊ ಕಳಿಸಿದ್ದಾಳೆ: ಗುಲಾಬಿ ಟೈಲ್ಸ್, ಗೋಡೆಗೆ ತೂಗುಹಾಕಿದ ಕಟ್ಟಿಗೆಯ ಬೇಸಿನ್ ಕಪಾಟು, ದುಂಡು ಕನ್ನಡಿ. ಮೂವರು ಕಾಂಟ್ರಾಕ್ಟರುಗಳು ಬಂದು ನೋಡಿದರು. ಒಬ್ಬರು ಎಲ್ಲಾ ಕಿತ್ತು ದೊಡ್ಡ ವಿಟ್ರಿಫೈಡ್ ಟೈಲ್ಸ್ ಏಳಡಿವರೆಗೆ ಹಾಕೋಣ ಅಂದರು. ಇನ್ನೊಬ್ಬರು ಹಳೆ ನೆಲದ ಮೇಲೇ ಟೈಲ್ಸ್ ಅಂಟಿಸಿದರೆ ಎರಡೇ ದಿನದ ಕೆಲಸ ಅಂದರು. ಮೂರನೆಯವರು ಗೋಡೆಗೆ ಪಿವಿಸಿ ಹಲಗೆ ಬಡಿದರೆ ಒದ್ದೆಯೇ ಕಾಣುವುದಿಲ್ಲ ಅಂದರು. ಜಾಲಿ ಮುಚ್ಚಬೇಕು ಅನ್ನುವುದರಲ್ಲಿ ಮಾತ್ರ ಮೂವರದೂ ಒಂದೇ ಮಾತು. ಅತ್ತೆಯವರಿಗೆ 78 ವರ್ಷ. ಸಂಡಾಸ ಹಿತ್ತಲಲ್ಲಿದೆ, ಅವರಿಗಾಗಿ ಕಮೋಡ್ ಒಳಗೇ ಆಗಬೇಕು. ನಮ್ಮ ಕೈಯಲ್ಲಿರುವುದು ಮೂರು ಲಕ್ಷ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಪ್ರಶ್ನೆ ಒಂದೇ ಅನ್ನಿಸಿದರೂ ಒಳಗೆ ಮೂರಿವೆ. ಗೋಡೆ ಯಾಕೆ ಒದ್ದೆ? ಅತ್ತೆಯವರು ಜಾರಿ ಬೀಳದಂತೆ ಏನು ಮಾಡಬೇಕು? ಮಗಳ ಫೋಟೊದಲ್ಲಿರುವ ಹಾಗೆ ಕಾಣುವುದು ಹೇಗೆ? ಬಂದ ಮೂವರೂ ಕೊನೆಯದಕ್ಕಷ್ಟೇ ಉತ್ತರ ಹೇಳಿ, ಮೊದಲನೆಯದು ಅದರ ಜೊತೆಗೇ ಸರಿಹೋಗುತ್ತದೆ ಅಂದುಕೊಂಡಿದ್ದಾರೆ. ಹೋಗುವುದಿಲ್ಲ, ತಾಯಿ. ಅವರು ಒಡೆಯಬೇಕು, ಮುಚ್ಚಬೇಕು ಅನ್ನುತ್ತಿರುವುದೆಲ್ಲ ನಿಮ್ಮ ಬಚ್ಚಲಿನಲ್ಲಿ ಚೆನ್ನಾಗಿರುವ ಭಾಗ. ಕೆಟ್ಟಿರುವುದು ಗೋಡೆಯೊಳಗೋ ನೆಲದಡಿಯೋ ಇದೆ, ಅದನ್ನು ಯಾರೂ ಮುಟ್ಟಿಯೂ ನೋಡಿಲ್ಲ.

ಮಗಳ ಫೋಟೊದಿಂದಲೇ ಶುರು ಮಾಡುತ್ತೇನೆ. ಮಿಡ್‌ಸೆಂಚುರಿ ಮಾಡರ್ನ್ ಅನ್ನುವುದು ಎರಡನೇ ಮಹಾಯುದ್ಧ ಮುಗಿದ ಮೇಲೆ, ಹೆಚ್ಚೂಕಡಿಮೆ 1945ರಿಂದ 1960ರ ದಶಕದ ಕೊನೆಯವರೆಗೆ, ಅಮೆರಿಕ ಮತ್ತು ಯುರೋಪಿನಲ್ಲಿ ನಡೆದ ಮನೆ ಕಟ್ಟುವ, ಪೀಠೋಪಕರಣ ಮಾಡುವ ರೀತಿ. ಕೆತ್ತನೆ, ಅಲಂಕಾರ ಬಿಟ್ಟು ನೇರ ಗೆರೆ, ಧಾರಾಳ ಗಾಳಿ ಬೆಳಕು, ಸಾಮಾನು ಇದ್ದದ್ದು ಇದ್ದಂತೆ ಕಾಣುವುದು. ಈ ಹೆಸರು ಜನರ ಬಾಯಿಗೆ ಬಂದದ್ದು ಮಾತ್ರ 1980ರ ದಶಕದಲ್ಲಿ. ನಿಮ್ಮ ಮಾವನವರ ತಂದೆ ಆ ಹೆಸರು ಕೇಳಿರಲು ಸಾಧ್ಯವೇ ಇಲ್ಲ. ಆದರೆ ಅದೇ ಹೊಸ ರೀತಿಯಲ್ಲಿ ಚಂಡೀಗಢ ನಗರ ಏಳುತ್ತಿದ್ದ, ತುಂಗಭದ್ರೆಗೆ ಅಣೆಕಟ್ಟು ಬಿದ್ದು ನಾಲ್ಕಾರು ವರ್ಷವಾಗಿದ್ದ ಕಾಲದಲ್ಲಿ ಒಬ್ಬ ಓವರ್‌ಸಿಯರ್ ತನ್ನ ಮನೆಗೆ ಸಿಮೆಂಟ್ ಜಾಲಿ, ಬೂದು ಮೊಸಾಯಿಕ್, ಬಿಳಿ ಚೌಕದ ಟೈಲ್ಸ್ ಆರಿಸಿಕೊಂಡದ್ದು ಅದೇ ಗಾಳಿಯಲ್ಲಿ. ಈಗ ಬೆಂಗಳೂರಿನ ಅಂಗಡಿಗಳಲ್ಲಿ ‘ಟೆರಾಜೊ’ ಅಂತ ಹೆಸರಿಟ್ಟು ಮಾರುತ್ತಿರುವುದು ನಿಮ್ಮ ನೆಲದ ಮೊಸಾಯಿಕ್ಕೇ. ಎಷ್ಟೋ ಕಡೆ ಅದು ಮೊಸಾಯಿಕ್ಕಿನ ಚಿತ್ರ ಅಚ್ಚೊತ್ತಿದ ಟೈಲ್ಸ್ ಅಷ್ಟೇ. ಮಗಳಿಗೆ ಇನ್ನೊಂದು ಹೇಳಿ. ಆ ಶೈಲಿಯ ದೊಡ್ಡ ಹೆಸರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರ್ಕಾರದ ಕರೆಯ ಮೇಲೆ ಇಲ್ಲೆಲ್ಲ ಸುತ್ತಾಡಿ 1958ರಲ್ಲಿ ಒಂದು ವರದಿ ಕೊಟ್ಟರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಿದ್ದು ಅದರಿಂದಲೇ. ಇಡೀ ದೇಶ ಸುತ್ತಿದ ಅವರು ಎಲ್ಲಕ್ಕಿಂತ ಹೆಚ್ಚು ಮೆಚ್ಚಿ ಬರೆದ ವಸ್ತು ನಮ್ಮ ತಂಬಿಗೆ. ಅದು ನಿಮ್ಮ ಹಂಡೆಯ ಪಕ್ಕದಲ್ಲೇ ಇದ್ದೀತು.

ಈಗ ಗೋಡೆ. ‘ಹಳೆ ನೆಲ ಸೋರುತ್ತಿದೆ, ಹೊಸ ಟೈಲ್ಸ್ ಹಾಕಿದರೆ ನಿಲ್ಲುತ್ತದೆ’ ಅನ್ನುವುದು ನಾನು ಅತಿ ಹೆಚ್ಚು ಕೇಳಿರುವ ತಪ್ಪು ಮಾತು. ಟೈಲ್ಸ್ ನೀರು ಹೀರುವುದಿಲ್ಲ, ನಿಜ. ಆದರೆ ಸಂದಿನಲ್ಲಿ ತುಂಬಿದ ಸಿಮೆಂಟ್ ಹೀರುತ್ತದೆ. ನೀರು ತಡೆಯುವ ಕೆಲಸ ಟೈಲ್ಸ್ ಕೆಳಗಿನ ವಾಟರ್‌ಪ್ರೂಫಿಂಗ್ ಪದರದ್ದು, ಟೈಲ್ಸಿನದಲ್ಲ. ಗೋಡೆಯ ವಿಷಯ ಇನ್ನೂ ಕುತೂಹಲದ್ದು. ನಿಮ್ಮ ಬಚ್ಚಲಿನ ಕಡೆ ಟೈಲ್ಸ್ ಮೂರಡಿ. ಕೋಣೆಯ ಕಡೆ ಒದ್ದೆಯೂ ಮೂರಡಿ. ಇದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ. ಗೋಡೆಯ ಇಟ್ಟಿಗೆಗೆ ಸೇರಿದ ನೀರು ಎಲ್ಲಿಂದಾದರೂ ಆವಿಯಾಗಿ ಹೊರಗೆ ಹೋಗಲೇಬೇಕು. ಒಂದು ಮಗ್ಗುಲು ಟೈಲ್ಸ್ ಮುಚ್ಚಿದೆ, ಹಾಗಾಗಿ ಇನ್ನೊಂದು ಮಗ್ಗುಲಿನಿಂದ ಬರುತ್ತಿದೆ, ಬರುವಾಗ ಉಪ್ಪನ್ನೂ ಎಳೆದು ತರುತ್ತಿದೆ. ಬಣ್ಣ ತಳ್ಳಿ ಉದುರಿಸುವುದು ಆ ಉಪ್ಪು. ಮೊದಲ ಕಾಂಟ್ರಾಕ್ಟರ್ ಹೇಳಿದ ಹಾಗೆ ಮೂಲ ಹುಡುಕದೆ ಏಳಡಿ ಟೈಲ್ಸ್ ಹಾಕಿದರೆ ಕೋಣೆಯ ಒದ್ದೆಯೂ ಇನ್ನಷ್ಟು ಮೇಲೇರುತ್ತದೆ. ಪಿವಿಸಿ ಹಲಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒದ್ದೆ ಕಾಣುವುದಿಲ್ಲ ಅಂದದ್ದು ಸತ್ಯವೇ. ಹಿಂದೆ ಬೂಸ್ಟು, ಗೆದ್ದಲು ಬಂದರೂ ಕಾಣುವುದಿಲ್ಲ. ಕೋಣೆಯ ಕಡೆಯಿಂದ ವಾಟರ್‌ಪ್ರೂಫ್ ಪೇಂಟ್ ಬಳಿದರೂ ಕಥೆ ಅದೇ, ಗುಳ್ಳೆಯಾಗಿ ಏಳುತ್ತದೆ.

ನನ್ನನ್ನು ಯೋಚನೆಗೆ ಹಚ್ಚಿದ್ದು ನಿಮ್ಮ ‘ಎರಡು ವರ್ಷದಿಂದ’ ಅನ್ನುವ ಮಾತು. ಅರವತ್ತು ವರ್ಷ ಸುಮ್ಮನಿದ್ದ ಗೋಡೆ ಈಗ ಒದ್ದೆಯಾಗಿದೆ ಅಂದರೆ ಏನೋ ಬದಲಾಗಿರಬೇಕು. ಆಗ ಏನು ನಡೆಯಿತು, ಮನೆಯವರೆಲ್ಲ ಕೂತು ನೆನಪು ಮಾಡಿಕೊಳ್ಳಿ. ಗೀಸರ್ ಕೂಡಿಸಲು ಗೋಡೆ ಕೊರೆದಿರಾ? ಬೀದಿಗೆ ಹೊಸ ಕಾಂಕ್ರೀಟ್ ರಸ್ತೆ ಬಿದ್ದು ಮನೆಯ ಪಾಯದ ಮಟ್ಟಕ್ಕಿಂತ ಎತ್ತರವಾಯಿತಾ? ಹಿತ್ತಲಿಗೆ ಸಿಮೆಂಟ್ ಹಾಕಿಸಿ ಮಳೆನೀರು ಗೋಡೆಯ ಕಡೆ ತಿರುಗಿತಾ? ಪಕ್ಕದ ಮನೆಯವರು ಬೋರ್ ಹಾಕಿಸಿದರಾ? ಇದು ಹರಟೆ ಅನ್ನಿಸಬಹುದು, ಆದರೆ ಯಂತ್ರ ಹಿಡಿದು ಬರುವವರಿಗಿಂತ ಬೇಗ ಉತ್ತರ ಸಿಗುವುದು ಇದರಿಂದ.

ಆಮೇಲೆ ಖರ್ಚಿಲ್ಲದ ಮೂರು ಪರೀಕ್ಷೆ ಮಾಡಿ. ರಾತ್ರಿ ಮಲಗುವ ಮುಂಚೆ ಮೇಲಿನ ಟ್ಯಾಂಕಿಗೆ ನೀರು ಬರುವುದನ್ನು ಬಂದ್ ಮಾಡಿ, ಮನೆಯ ಎಲ್ಲ ನಳ ಮುಚ್ಚಿ, ಟ್ಯಾಂಕಿನ ಒಳಗೆ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ನೀರು ಬರುವ ಪೈಪಿನಲ್ಲೇ ಸೋರಿಕೆ. ಎರಡನೆಯದು ನೆಲದ ಪರೀಕ್ಷೆ. ನಹಾನಿ ಟ್ರ್ಯಾಪಿನ, ಅಂದರೆ ಬಚ್ಚಲ ನೀರು ಹೊರಹೋಗುವ ತೂತಿನ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿದ ಬಟ್ಟೆ ತುರುಕಿ, ನೆಲದ ಮೇಲೆ ಒಂದು ಇಂಚು ನೀರು ನಿಲ್ಲಿಸಿ 48 ಗಂಟೆ ಬಿಡಿ. ಪಕ್ಕದಲ್ಲೇ ಒಂದು ತಾಟಿನಲ್ಲೂ ಅಷ್ಟೇ ನೀರಿಡಿ. ನಮ್ಮ ಬಳ್ಳಾರಿ ಬಿಸಿಲಿಗೆ ನೀರು ಹಾಗೇ ಆರಿಹೋಗುತ್ತದೆ, ತಾಟಿನಲ್ಲಿ ಎಷ್ಟು ಇಳಿಯಿತೋ ನೆಲದಲ್ಲೂ ಅಷ್ಟೇ ಇಳಿದಿದ್ದರೆ ನೆಲದ ತಪ್ಪಿಲ್ಲ. ಮೂರನೆಯದು ಹೊರಹೋಗುವ ಪೈಪಿನದು. ಹೊರಗಿನ ಚೇಂಬರಿನಲ್ಲಿ ಆ ಪೈಪಿನ ತುದಿ ಬಿಗಿಯಾಗಿ ಮುಚ್ಚಿ, ಒಳಗಿನ ಟ್ರ್ಯಾಪ್‌ವರೆಗೆ ನೀರು ತುಂಬಿಸಿ ಒಂದು ತಾಸು ಕಾಯಿರಿ. ನೀರು ಇಳಿದರೆ ಕಳ್ಳ ಸಿಕ್ಕ ಹಾಗೆ. ಮೂರರಲ್ಲೂ ಪಾಸಾದರೆ ನೀರು ಭೂಮಿಯಿಂದಲೇ ಗೋಡೆಗೆ ಏರುತ್ತಿರುವ ಸಾಧ್ಯತೆ ಹೆಚ್ಚು. ಅದರ ದಾರಿ ಬೇರೆ, ಬಚ್ಚಲು ಎಷ್ಟು ಒಡೆದರೂ ಪ್ರಯೋಜನವಿಲ್ಲ.

ಈ ಪರೀಕ್ಷೆಗಳಿಗೆ ನಾನು ಇಷ್ಟು ಜೋತುಬೀಳುವುದಕ್ಕೆ ಕಾರಣ ನನ್ನದೇ ಒಂದು ತಪ್ಪು. ಇಪ್ಪತ್ತು ವರ್ಷದ ಹಿಂದೆ ರಾಯಚೂರಿನ ಒಂದು ಮನೆಯಲ್ಲಿ ಇಂಥದ್ದೇ ಒದ್ದೆಗೋಡೆ ನೋಡಿ, ನೆಲದ ದೋಷವೇ ಅಂತ ಧೈರ್ಯವಾಗಿ ಹೇಳಿ ಮೊಸಾಯಿಕ್ ಪೂರ್ತಿ ಒಡೆಸಿದೆ. ಕೆಳಗಿನ ಗಚ್ಚು ಒಣಗಿ ಕಲ್ಲಿನಂತಿತ್ತು. ನೀರು ಬರುತ್ತಿದ್ದುದು ನಳದ ಹಿಂದೆ ಗೋಡೆಯೊಳಗೆ ತುಕ್ಕು ತಿಂದಿದ್ದ ಒಂದು ಎಲ್ಬೋದಿಂದ, ಅಂದರೆ ಪೈಪು ತಿರುಗುವ ಕಡೆಯ ಜೋಡಣೆಯಿಂದ. ಮನೆಯ ಯಜಮಾನರು ನನಗೆ ಒಂದು ಮಾತೂ ಆಡಲಿಲ್ಲ. ಒಡೆದ ಮೊಸಾಯಿಕ್ಕಿನ ಒಂದು ಚೂರನ್ನು ತೊಳೆದು ನನ್ನ ಕೈಗೆ ಕೊಟ್ಟರು. ಇವತ್ತಿಗೂ ನನ್ನ ಮೇಜಿನ ಮೇಲಿದೆ.

ನಿಮ್ಮಲ್ಲಿ ನನ್ನ ಅನುಮಾನ ಎರಡು ಕಡೆ. 1959ರ ಮನೆಯೆಂದರೆ ಗೋಡೆಯೊಳಗೆ ಜಿ.ಐ. ಪೈಪು, ಕಬ್ಬಿಣಕ್ಕೆ ಸತುವಿನ ಲೇಪ. ನಲವತ್ತು ಐವತ್ತು ವರ್ಷ ಬಾಳಿದರೆ ಅದೇ ದೊಡ್ಡದು. ಅದರ ಮೇಲೆ ನಮ್ಮ ಕಡೆಯ ಬೋರ್ ನೀರಿನ ಗಡಸು ಬೇರೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಅನ್ನುತ್ತದೆ ಭಾರತೀಯ ಮಾನಕ. ಬೋರ್ ನೀರು ಆ ಮಿತಿ ದಾಟಿದ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಂಥ ಕಡೆ ಅರ್ಧ ಇಂಚಿನ ಪೈಪು ಒಳಗೆ ಪದರ ಕಟ್ಟಿ ಕಟ್ಟಿ ಪೆನ್ಸಿಲ್ ತೂರದಷ್ಟು ಕಿರಿದಾಗಿರುತ್ತದೆ.

ಎರಡನೆಯ ಅನುಮಾನ ನೆಲದಡಿಯ ಮೋರಿ ಪೈಪಿನ ಮೇಲೆ. ಆ ಕಾಲದಲ್ಲಿ ಹಾಕುತ್ತಿದ್ದದ್ದು ಮೆರುಗು ಕೊಟ್ಟ ಪಿಂಗಾಣಿಯಂಥ ಮಣ್ಣಿನ ಪೈಪು, ಜೋಡಣೆಗೆ ಸಿಮೆಂಟ್. ಗಟ್ಟಿ ಮಣ್ಣಿನಲ್ಲಿ ಅದು ನೂರು ವರ್ಷ ಇದ್ದೀತು. ಆದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ಎಷ್ಟೋ ಕಡೆ ಎರೆಮಣ್ಣು. ಹೊಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಮನೆಯ ಕೆಳಗೂ ಅದೇ ಮಣ್ಣು. ಅದು ಉಬ್ಬಿ ಕುಗ್ಗುವಾಗ ಸಿಮೆಂಟ್ ಜೋಡಣೆ ಬಗ್ಗುವುದಿಲ್ಲ, ಒಡೆಯುತ್ತದೆ. ಒಡೆದ ಕಡೆ ನೀರು ಸೋರಿ ಅಲ್ಲಿನ ಮಣ್ಣು ಮಾತ್ರ ಇನ್ನಷ್ಟು ಉಬ್ಬುತ್ತದೆ, ಪಕ್ಕದ ಜೋಡಣೆಯೂ ಹೋಗುತ್ತದೆ, ಕೊನೆಗೆ ಗೋಡೆಯಲ್ಲಿ ಓರೆ ಬಿರುಕು ಕಾಣುತ್ತದೆ. ನಿಮ್ಮ ಕೋಣೆಯ ಮೂಲೆಯಲ್ಲೋ ಕಿಟಕಿ ಚೌಕಟ್ಟಿನ ತುದಿಯಲ್ಲೋ ಅಂಥ ಬಿರುಕು ಇದೆಯಾ ನೋಡಿ. ಇದ್ದರೆ ಬಚ್ಚಲಿನ ಅಂದಚಂದ ಒಂದು ವರ್ಷ ಮುಂದಕ್ಕೆ ಹಾಕಿ, ಮೊದಲು ಪೈಪು ಬದಲಿಸಿ. ಹೊಸದಾಗಿ ಹಾಕುವಾಗ ರಬ್ಬರ್ ಉಂಗುರದ ಜೋಡಣೆಯಿರುವ ಪಿವಿಸಿ ಮೋರಿ ಪೈಪನ್ನೇ ಕೇಳಿ, ಮಣ್ಣು ಸ್ವಲ್ಪ ಅಲುಗಿದರೆ ಅದೂ ಸ್ವಲ್ಪ ಅಲುಗುತ್ತದೆ. ಇದಕ್ಕೆ ಇಡೀ ನೆಲ ಒಡೆಯಬೇಕಿಲ್ಲ. ಪೈಪಿನ ಗುಂಟ ಒಂದೂವರೆ ಅಡಿ ಪಟ್ಟಿ, ಟ್ರ್ಯಾಪಿನ ಸುತ್ತ ಎರಡಡಿ ಚೌಕ, ಅಷ್ಟೇ. ಕಟಿಂಗ್ ಮಷೀನಿನಲ್ಲಿ ಗೆರೆ ಹೊಡೆದು ತೆಗೆಯಲಿ, ಸುತ್ತಿಗೆ ಬೇಡ.

ಹಂಡೆ ಮೂಲೆಯ ಗುಳಿಗಳಿಗೆ ಬರುತ್ತೇನೆ. ಅದು ಓದಿದಾಗ ನನಗೆ ನಗು ಬಂತು. ಅತ್ತೆಯವರು ಹಂಡೆ, ತಂಬಿಗೆಗಳನ್ನು ಹುಣಸೆಹಣ್ಣು ಹಚ್ಚಿ ಅಲ್ಲೇ ತಿಕ್ಕುತ್ತಾರೆ, ಹೌದಲ್ಲ? ಮೊಸಾಯಿಕ್ ಅಂದರೆ ಸಿಮೆಂಟಿನಲ್ಲಿ ಕೂರಿಸಿದ ಅಮೃತಶಿಲೆಯ ಚೂರು. ಅಮೃತಶಿಲೆಯೂ ಸಿಮೆಂಟೂ ಹುಳಿಗೆ ಕರಗುವ ಪದಾರ್ಥ. ಅರವತ್ತು ವರ್ಷದ ಹುಣಸೆಹುಳಿ ಸ್ವಲ್ಪ ಸ್ವಲ್ಪವಾಗಿ ನೆಲ ತಿಂದಿದೆ. ಉಳಿದ ಕಡೆಯೂ ಮಂಕಾಗಿದ್ದರೆ ಅದು ಅಂಗಡಿಯ ಆ್ಯಸಿಡ್‌ನ ಕೆಲಸ. ‘ಆ್ಯಸಿಡ್ ಹಾಕಿ ತೊಳೆದರೆ ಲಕಲಕ ಅನ್ನುತ್ತದೆ’ ಅನ್ನುವುದು ಬಿಳಿ ಪಿಂಗಾಣಿಗೆ ಒಪ್ಪುವ ಮಾತು. ಮೊಸಾಯಿಕ್ಕಿಗೂ ಶಹಾಬಾದ್ ಪರ್ಸಿಗೂ ಅದು ವಿಷ. ಹಾಕಿದಾಗ ನೊರೆ ಬರುತ್ತದಲ್ಲ, ಆ ನೊರೆ ಕೊಳೆಯದಲ್ಲ, ನಿಮ್ಮ ನೆಲದ್ದು.

ಆದರೂ ಈ ನೆಲ ಸತ್ತಿಲ್ಲ. ಹರಳಿನ ಮೇಲುಪದರ ಸಾಮಾನ್ಯವಾಗಿ 6ರಿಂದ 12 ಮಿಲಿಮೀಟರ್ ದಪ್ಪ ಇರುತ್ತದೆ, ಒಂದೆರಡು ಮಿಲಿಮೀಟರ್ ಉಜ್ಜಿ ತೆಗೆದರೆ ಅಡಿಯಿಂದ ಹೊಸದು ಬರುತ್ತದೆ. ಪಾಲಿಷ್ ಮಷೀನಿನವರು 60ರ ಕಲ್ಲು, 120, 320 ಅಂತ ಮೂರು ಸುತ್ತು ಉಜ್ಜುತ್ತಾರೆ, ಅಂಕಿ ಏರಿದಷ್ಟೂ ನೆಲ ನುಣುಪು. ನಡುವೆ ಅದೇ ಬಣ್ಣದ ಸಿಮೆಂಟ್ ಹಾಲು ತುಂಬಿ ಗುಳಿ ಮುಚ್ಚುತ್ತಾರೆ. ನಿಮ್ಮಲ್ಲಿ 120ಕ್ಕೇ ನಿಲ್ಲಿಸಲು ಹೇಳಿ. ಕನ್ನಡಿಯಂತೆ ಹೊಳೆಯುವ ನೆಲ ಪಡಸಾಲೆಗೆ ಚಂದ, 78 ವರ್ಷದವರು ಜಳಕ ಮಾಡುವಲ್ಲಿ ಅಲ್ಲ. ಮೇಲೆ ಮೇಣ ಹಚ್ಚಿಸಬೇಡಿ, ಒಳಗೆ ಹೀರಿಕೊಳ್ಳುವ ಸೀಲರ್ ಸಾಕು. ನೀರು ಹಾಕಿಕೊಂಡೇ ಉಜ್ಜಬೇಕು. ಒಣ ಉಜ್ಜಿದರೆ ಏಳುವ ಧೂಳು ಪುಪ್ಪುಸಕ್ಕೆ ಕೆಟ್ಟದ್ದು, ಕೆಲಸದವರಿಗೂ ನಿಮಗೂ. ಪೈಪಿಗಾಗಿ ಒಡೆದ ಪಟ್ಟಿಗೆ ಹೊಸ ಮೊಸಾಯಿಕ್ ಅಲ್ಲೇ ಹಾಕಬಹುದು. ಮೊದಲು ಅರ್ಧ ಅಡಿ ಚೌಕದ ಮಾದರಿ ಮಾಡಿ, ಉಜ್ಜಿ, ಒಣಗಿದ ಮೇಲೆ ಬಣ್ಣ ಹೋಲಿಸಿ ನೋಡಿ. ಹಸಿಯಿದ್ದಾಗ ಎಲ್ಲವೂ ಒಂದೇ ತೆರ ಕಾಣುತ್ತದೆ. ಮೊಸಾಯಿಕ್ ಗೊತ್ತಿರುವ ಗೌಂಡಿಗಳು ಈಗ ಕಡಿಮೆ, ಇರುವವರು ವಯಸ್ಸಾದವರು. ಟೈಲ್ಸ್ ಹುಡುಗರ ಕೈಗೆ ಇದನ್ನು ಕೊಡಬೇಡಿ. ಹೊಂದಿಕೆ ಪೂರ್ತಿ ಕೂಡಿ ಬರುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ತೇಪೆ ತೇಪೆಯಾಗಿಯೇ ಕಾಣುತ್ತದೆ ಅಂತ ಬೇಸರವಿದ್ದರೆ ಹಿತ್ತಾಳೆ ಪಟ್ಟಿ ಕೊಟ್ಟು ಅದನ್ನೇ ಒಂದು ಅಂಚಾಗಿ ಮಾಡಿಸಿ, ಬೇಕೆಂದೇ ಮಾಡಿದ್ದು ಅನ್ನಿಸುತ್ತದೆ.

ಹಳೆ ನೆಲದ ಮೇಲೇ ಟೈಲ್ಸ್ ಅಂಟಿಸುವುದು ಎಲ್ಲೆಡೆಯೂ ತಪ್ಪು ಅಂತಲ್ಲ. ಒಣ ಕೋಣೆಯಲ್ಲಿ, ನೆಲ ಗಟ್ಟಿಯಿದ್ದರೆ ನಡೆಯುತ್ತದೆ. ನಿಮ್ಮಲ್ಲಿ ಬೇಡ ಅನ್ನುವುದಕ್ಕೆ ಕಾರಣ ಬೇರೆ. ನೆಲ ಹೆಚ್ಚೂಕಡಿಮೆ ಮುಕ್ಕಾಲು ಇಂಚು ಏರುತ್ತದೆ, ಬಾಗಿಲು ತಾಗುತ್ತದೆ, ಟ್ರ್ಯಾಪ್ ಗುಂಡಿಯಾಗುತ್ತದೆ, ಹಳೆ ಇಳಿಜಾರು ಕೆಡುತ್ತದೆ. ಇಳಿಜಾರು 80ಕ್ಕೆ 1 ಇರಬೇಕು, ನಿಮ್ಮ ಎಂಟು ಅಡಿಗೆ ಮೂರು ಸೆಂಟಿಮೀಟರ್. ಈಗಿನದು ಸರಿ ಇದೆಯಾ ಅನ್ನಲು ಒಂದು ಗೋಲಿ ಬಿಟ್ಟು ನೋಡಿ. ಟ್ರ್ಯಾಪಿನ ಕಡೆ ತಾನಾಗಿ ಉರುಳಿದರೆ ನಿಮ್ಮ ಓವರ್‌ಸಿಯರ್ ಅಜ್ಜನವರಿಗೆ ಒಂದು ನಮಸ್ಕಾರ ಹೇಳಿ. ಪೂರ್ತಿ ಒಡೆಯುವ ಆಯ್ಕೆಯನ್ನು ನಾನು ಒಪ್ಪುವುದು ಒಂದೇ ಸಂದರ್ಭದಲ್ಲಿ: ನೀರು ನಿಲ್ಲಿಸಿದ ಪರೀಕ್ಷೆಯಲ್ಲಿ ನೆಲವೇ ಸೋತಿದ್ದರೆ, ಅಥವಾ ಬಡಿದಾಗ ಅರ್ಧಕ್ಕಿಂತ ಹೆಚ್ಚು ನೆಲ ಟೊಳ್ಳು ಸದ್ದು ಮಾಡಿದರೆ. ಆಗ ಒಡೆಯಿರಿ. ಎರಡು ಪದರ ವಾಟರ್‌ಪ್ರೂಫಿಂಗ್ ಮಾಡಿಸಿ, ಗೋಡೆಗೂ ಒಂದಡಿ ಹತ್ತಿಸಿ, ಜಳಕದ ಮೂಲೆಯಲ್ಲಿ ಆರಡಿವರೆಗೆ ಹತ್ತಿಸಿ. ಅದರ ಮೇಲೆ ಮತ್ತೆ ಎರಡು ದಿನ ನೀರು ನಿಲ್ಲಿಸಿ ಪರೀಕ್ಷೆ ಮಾಡದೆ ಒಂದು ಟೈಲ್ಸೂ ಇಡಲು ಬಿಡಬೇಡಿ.

ಜಾಲಿ ಮುಚ್ಚುವ ಮಾತು ಎಲ್ಲಿಂದ ಬರುತ್ತದೋ ನನಗೆ ಗೊತ್ತಾಗುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ನಿಮ್ಮ ಬಚ್ಚಲು ಅರ್ಧ ತಾಸಿನಲ್ಲಿ ಒಣಗುತ್ತಿದ್ದರೆ ಅದು ಆ ಜಾಲಿಯ ಪುಣ್ಯ. ಮುಚ್ಚಿ ಗಾಜು ಕೂಡಿಸಿದ ಮರುವರ್ಷ ಮೂಲೆಯಲ್ಲಿ ಕರಿ ಬೂಸ್ಟು, ಅದಕ್ಕೊಂದು ಎಕ್ಸಾಸ್ಟ್ ಫ್ಯಾನು, ಅದಕ್ಕೆ ಕರೆಂಟು. ಅದಿರು ಧೂಳು, ಸೊಳ್ಳೆ ಬರುತ್ತದೆ ಅನ್ನುವುದು ನಿಜ. ಒಳಗಿನಿಂದ ಬಿಚ್ಚಿ ತೊಳೆಯಲು ಬರುವ ಹಾಗೆ ಸ್ಟೀಲ್ ಬಲೆಯ ಚೌಕಟ್ಟು ಹಾಕಿಸಿ, ಮುಗಿಯಿತು. ಮಗಳ ಫೋಟೊದಲ್ಲಿ ಇರುವ ಯಾವ ಸಾಮಾನಿಗಿಂತಲೂ ಆ ಶೈಲಿಯ ಗುರುತು ಹೆಚ್ಚು ಇರುವುದು ಈ ಜಾಲಿಯಲ್ಲಿ.

ಕಮೋಡಿಗೆ ಒಂದು ಉಪಾಯವಿದೆ, ಅದರಿಂದ ನೆಲ ಉಳಿಯುತ್ತದೆ. ನೆಲಕ್ಕೆ ಇಳಿಯುವ ಎಸ್-ಟ್ರ್ಯಾಪ್ ಬದಲು ಹಿಂದಕ್ಕೆ ಹೋಗುವ ಪಿ-ಟ್ರ್ಯಾಪ್ ಕಮೋಡ್ ತನ್ನಿ. ಅದನ್ನು ಹಿತ್ತಲ ಕಡೆಯ ಹೊರಗೋಡೆಗೆ ಒತ್ತಿ ಕೂಡಿಸಿದರೆ ಪೈಪು ಗೋಡೆ ದಾಟಿ ನೇರ ಹೊರಗಿನ ಚೇಂಬರಿಗೆ ಹೋಗುತ್ತದೆ. ಚಾವಣಿಗಿಂತ ಎತ್ತರದ ಗಾಳಿ ಪೈಪು ಮರೆಯಬೇಡಿ. ಗೋಡೆಗೆ ತೂಗುಹಾಕುವ ಕಮೋಡ್ ನೋಡಲು ಚಂದವೇ. ಆದರೆ ಅದರ ಟ್ಯಾಂಕು ಹುದುಗಿಸಲು ನಿಮ್ಮ ಗಾರೆ ಗೋಡೆ ಕೊರೆಯುವುದು ನನಗೆ ಇಷ್ಟವಿಲ್ಲ. ಒಂಬತ್ತಿಂಚಿನ ಗೋಡೆಯಲ್ಲಿ ಮೇಲಿನಿಂದ ಕೆಳಕ್ಕೆ ಕೊರೆದರೆ ಮೂರಿಂಚು, ಅಡ್ಡಕ್ಕೆ ಒಂದೂವರೆ ಇಂಚಿಗಿಂತ ಆಳ ಹೋಗಬಾರದು. ಹಾಗಾಗಿ ಹೊಸ ನೀರಿನ ಪೈಪುಗಳನ್ನೂ ಗೋಡೆಯ ಮೇಲೇ ಓಡಿಸಿ. ಆ ಕಾಲದ ಎಷ್ಟೋ ಮನೆಗಳಲ್ಲಿ ಹಾಗೇ ಇರುತ್ತಿತ್ತು, ಸೋರಿದರೆ ಅವತ್ತೇ ಕಾಣುತ್ತದೆ. ಅತ್ತೆಯವರಿಗೆ ಸೀಟಿನ ಎತ್ತರ 17 ಇಂಚಿನ ಆಸುಪಾಸು, ಹಿಡಿಕೆ ನೆಲದಿಂದ 33ರಿಂದ 36 ಇಂಚಿನಲ್ಲಿ. ಹಳೆ ಗಾರೆ ಗೋಡೆಯಲ್ಲಿ ಮಾಮೂಲಿ ಪ್ಲಾಸ್ಟಿಕ್ ಗೂಟ ಭಾರ ತಡೆಯುವುದಿಲ್ಲ. ಆರುಪಾರು ಬೋಲ್ಟ್ ಹಾಕಿ ಆ ಕಡೆ ಕಬ್ಬಿಣದ ಪಟ್ಟಿ ಕೊಡಿಸಿ. ಬಾಗಿಲು ಹೊರಕ್ಕೆ ತೆರೆಯುವಂತೆ ಮಾಡಿಸಿ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ಅವರ ಮೈಯೇ ತಡೆಯುತ್ತದೆ.

ಶವರಿನ ಒತ್ತಡಕ್ಕೆ ಬಚ್ಚಲ ಮಾಳಿಗೆಯ ಮೇಲೆ ಹೊಸ ಟ್ಯಾಂಕು ಇಡೋಣ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಬಳ್ಳಾರಿ 1953ರವರೆಗೆ ಮದ್ರಾಸ್ ರಾಜ್ಯದ್ದು, ಆ ಕಾಲದ ಆಚೀಚಿನ ಮನೆಗಳಲ್ಲಿ ತೇಗದ ತೊಲೆಯ ಮೇಲೆ ಓರೆ ಇಟ್ಟಿಗೆ ಕಟ್ಟಿದ ಮದ್ರಾಸ್ ಟೆರೇಸ್ ಇದ್ದರೆ ಆಶ್ಚರ್ಯವಿಲ್ಲ. ಸಾವಿರ ಲೀಟರ್ ಅಂದರೆ ಒಂದು ಟನ್. ಹಳೆಯ ಗಾಳಿ ಪೈಪೋ ಮೇಲುಹೊದಿಕೆಯೋ ಆಸ್ಬೆಸ್ಟಸ್ ಸಿಮೆಂಟಿನದಿದ್ದರೆ ಅದನ್ನು ಮಷೀನಿನಲ್ಲಿ ಕೊಯ್ಯಬಾರದು. ನೀರು ಹೊಡೆದು, ಒಡೆಯದೆ ಇಡಿಯಾಗಿ ಇಳಿಸಲಿ. ಕರೆಂಟಿನ ವಿಷಯ ಚುಟುಕಾಗಿ: 2000 ವಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಪ್ರತ್ಯೇಕ ತಂತಿ, ಸರಿಯಾದ ಅರ್ಥಿಂಗ್, ಕರೆಂಟು ಸೋರಿದ ಕೂಡಲೇ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು. ಕಟ್ಟಿಗೆ ಪಟ್ಟಿಯ ಹಳೆ ವೈರಿಂಗ್ ಇದ್ದರೆ ಗುಲಾಬಿ ಟೈಲ್ಸಿಗಿಂತ ಮುಂಚೆ ಅದು ಹೋಗಬೇಕು.

ಇನ್ನು ಕಟ್ಟಿಗೆ ಕಪಾಟು. ಬಚ್ಚಲಿಗೆ ಕಟ್ಟಿಗೆ ಆಗುವುದೇ ಇಲ್ಲ ಅನ್ನುವವರೂ ತಪ್ಪು, ಫೋಟೊದಲ್ಲಿದ್ದ ಹಾಗೇ ಬೇಕು ಅನ್ನುವವರೂ ತಪ್ಪು. ಆ ಅಮೆರಿಕದ ಬಚ್ಚಲಿನಲ್ಲಿ ನೀರು ತೊಟ್ಟಿಯೊಳಗೇ ಇರುತ್ತದೆ. ನಮ್ಮದು ತಂಬಿಗೆಯಿಂದ ಸುರಿದುಕೊಳ್ಳುವ ಜಳಕ, ನೀರು ನಾಲ್ಕು ಗೋಡೆಗೂ ಹಾರುತ್ತದೆ. ಜಳಕದ ಮೂಲೆಗೆ ನಾಲ್ಕಡಿ ಅಡ್ಡಗೋಡೆ ಎಬ್ಬಿಸಿ, ಬೇಸಿನ್ ಬಾಗಿಲ ಹತ್ತಿರ ಇಟ್ಟರೆ ಗಟ್ಟಿ ತೇಗದ ಕಪಾಟು ನೆಲದಿಂದ ಒಂದಡಿ ಮೇಲೆ ಆರಾಮವಾಗಿ ಬಾಳುತ್ತದೆ. ಪ್ಲೈವುಡ್ ಆದರೆ ನೀರು ತಡೆಯುವ, ಐಎಸ್ 710 ಗುರುತಿನದೇ ಆಗಬೇಕು. ಕಟ್ಟಿಗೆ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಬೇಡ, ನೀರು ತಾಗಿದರೆ ಹಪ್ಪಳದ ಹಾಗೆ ಉಬ್ಬುತ್ತದೆ. ಗಾಜಿನ ತಡಿಕೆಯೂ ಕಪ್ಪು ಮ್ಯಾಟ್ ನಳಗಳೂ ಗಡಸು ನೀರಿಗೆ ವಾರದೊಳಗೆ ಬೆಳ್ಳಗಾಗುತ್ತವೆ. ಸಾದಾ ಕ್ರೋಮ್ ನಳ ತನ್ನಿ, ಆ ಕಾಲಕ್ಕೂ ಒಪ್ಪುತ್ತದೆ. ಗುಲಾಬಿ ಬಣ್ಣಕ್ಕೆ ನನ್ನ ತಕರಾರಿಲ್ಲ, ನಮ್ಮಲ್ಲೂ ತಿಳಿಗುಲಾಬಿ, ತಿಳಿಹಸಿರು ಬೇಸಿನ್ನುಗಳು ಒಂದು ಕಾಲಕ್ಕೆ ಮನೆಮನೆಯಲ್ಲಿದ್ದವು. ಒಡೆಯದೆ ಉಳಿದ ಬಿಳಿ ಟೈಲ್ಸ್ ಹಾಗೇ ಇರಲಿ, ಅಡ್ಡಗೋಡೆಗೆ ಮಾತ್ರ ನಾಲ್ಕಿಂಚಿನ ಗುಲಾಬಿ ಚೌಕ ಹಾಕಿ ನೋಡಿ.

ಮೂರು ಲಕ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕಣ್ಣಿಗೆ ಕಾಣದ ಕೆಲಸಕ್ಕೆ ಹೋಗುತ್ತದೆ ಅಂತ ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಪೈಪು, ಮೋರಿ, ವೈರಿಂಗ್ ಫೆಬ್ರುವರಿಯಲ್ಲಿ ಮುಗಿಸಿ. ಕೋಣೆಯ ಕಡೆ ಒದ್ದೆಗಿಂತ ಒಂದಡಿ ಮೇಲಿನವರೆಗೆ ಗಿಲಾವು ಕೆತ್ತಿ ಬಿಟ್ಟು, ಇಡೀ ಬೇಸಿಗೆ ಗೋಡೆ ಒಣಗಲಿ. ಇಟ್ಟಿಗೆ ಗೋಡೆ ಇಂಚಿಗೆ ಒಂದು ತಿಂಗಳು ತೆಗೆದುಕೊಳ್ಳುತ್ತದೆ ಅನ್ನುವುದು ನಮ್ಮ ಕಸುಬಿನ ಒಂದು ಅಂದಾಜು, ಬಳ್ಳಾರಿ ಬಿಸಿಲು ಅದನ್ನು ಸ್ವಲ್ಪ ಚುರುಕು ಮಾಡುತ್ತದೆ. ಆಮೇಲೆ ಸಿಮೆಂಟ್ ಬೇಡ, ಸುಣ್ಣದ ಗಿಲಾವು ಮಾಡಿಸಿ. ಅತ್ತೆಯವರ ಕಮೋಡ್, ಹಿಡಿಕೆ ಮೊದಲ ಸುತ್ತಿನಲ್ಲೇ ಆಗಲಿ. ಕಪಾಟು, ಕನ್ನಡಿ ದೀಪಾವಳಿಗೆ ಮಗಳು ಬಂದಾಗ ಆಕೆಯೇ ಆರಿಸಲಿ.

ಹಂಡೆ ಮಾತ್ರ ಮಾರಬೇಡಿ. ಕುಷ್ಟಗಿ ಕಡೆಯ ಇಳಕಲ್ ಕೆಂಪು ಗ್ರಾನೈಟಿನ ಎರಡಡಿ ಚೌಕದ ಕಲ್ಲೊಂದು ಅದರ ಕೆಳಗೆ ಕೂಡಿಸಿ. ಗ್ರಾನೈಟಿಗೆ ಹುಣಸೆಹುಳಿ ಏನೂ ಮಾಡುವುದಿಲ್ಲ, ಬಣ್ಣವೂ ಮಗಳ ಗುಲಾಬಿಗೆ ಹೊಂದುತ್ತದೆ, ಅತ್ತೆಯವರು ಎಂದಿನಂತೆ ತಿಕ್ಕಲಿ. ತಾಟಿನಲ್ಲಿ ಎಷ್ಟು ನೀರು ಇಳಿಯಿತು, ನೆಲದಲ್ಲಿ ಎಷ್ಟು ಇಳಿಯಿತು ಅನ್ನುವುದನ್ನು ಬರೆದು ಕಳಿಸಿ. ಕೋಣೆಯ ಮೂಲೆಗಳಲ್ಲಿ ಬಿರುಕು ಸಿಕ್ಕರೆ ಅದರ ತುದಿಗೆ ಪೆನ್ಸಿಲಿನಲ್ಲಿ ತಾರೀಕು ಹಾಕಿ ಒಂದು ಫೋಟೊ ತೆಗೆಯಿರಿ, ಒಂದು ತಿಂಗಳು ಬಿಟ್ಟು ಇನ್ನೊಂದು.